ಕೊನೆಗೌಡನೂ ಬೇಕು, ಸುಲಿಯೋರೂ ಬೇಕು: ಪ್ರೊಸೆಸರ್ ಕೊಳ್ಳೋ ಮೊದಲು

ಹೊಸನಗರದ ಹತ್ತಿರದ ನಮ್ಮೂರಿಂದ ರಾತ್ರಿ ತಮ್ಮನ ಫೋನು. "ಅಣ್ಣಯ್ಯ, ಅಡಿಕೆ ದುಡ್ಡಲ್ಲಿ ಅಪ್ಪಯ್ಯ 80 ಸಾವಿರ ಕೊಡ್ತೀನಿ ಅಂದಿದಾರೆ. ಒಂದೇ ಸಲ ಅಂತೆ. ಯಾವ ಪ್ರೊಸೆಸರ್ ತಗೊಳ್ಳಲಿ ಹೇಳು ಮಾರಾಯ!"

ಸಾಗರ, ತೀರ್ಥಹಳ್ಳಿ ಕಡೆಯ ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಎಡಿಟ್ ಮಾಡ್ಕೊಂಡು ಊರಲ್ಲೇ ಇರ್ಬೇಕು ಅನ್ನೋದು ಅವನ ಆಸೆ. ಕೆಲಸ ಮುಗಿದ ಮೇಲೆ ಒಂದಿಷ್ಟು ಗೇಮೂ ಬೇಕು. ಈ ದುಡ್ಡು ದಂಡವಾದ್ರೆ ಬೆಂಗಳೂರಿನ ಬಸ್ಸು ಹತ್ತೋದೇ ಗತಿ.

"ಐ5 ಸಾಕಾ, ಐ7 ಬೇಕಾ?" ಎಲ್ಲರೂ ಕೇಳೋದು ಇದನ್ನೇ. ಆದ್ರೆ ಆ ಅಂಕಿಯೊಂದನ್ನೇ ನೋಡಿದ್ರೆ ಸಾಲದು. ಹಳೇ ಐ7ಗಿಂತ ಹೊಸ ಐ5 ಎಷ್ಟೋ ಸಲ ಮುಂದಿರುತ್ತೆ.

ಅಡಿಕೆ ಕೊಯ್ಲು ನೆನಪಿಸ್ಕೊಳ್ಳಿ. ಸುಲಿಯೋಕೆ ಹತ್ತು ಜನ ಕೂತ್ರೆ ರಾಶಿ ಬೇಗ ಕರಗುತ್ತೆ. ವಿಡಿಯೋ ಎಕ್ಸ್‌ಪೋರ್ಟ್ ಕೂಡ ಹಾಗೇ, ಕೆಲಸ ಹಂಚಿಕೊಳ್ಳೋ ಕೋರ್‌ಗಳು ಹೆಚ್ಚಿದ್ದಷ್ಟೂ ಒಳ್ಳೇದು. ಮರ ಹತ್ತೋ ಕೊನೆಗೌಡನ ವಿಷಯ ಬೇರೆ. ಕೆಳಗೆ ಎಷ್ಟೇ ಜನ ನಿಂತಿರಲಿ, ಅವನ ವೇಗದಷ್ಟೇ ಕೊನೆ ಇಳಿಯೋದು. ಗೇಮ್‌ನ ಭಾರವೂ ಹೆಚ್ಚಾಗಿ ಕೆಲವೇ ಕೋರ್‌ಗಳ ಮೇಲೆ. ಅಲ್ಲಿ ಒಂದೊಂದು ಕೋರ್‌ನ ವೇಗ ಮತ್ತು ಕೈಗೆಟುಕುವಲ್ಲೇ ಇರೋ ಕ್ಯಾಶ್ ಮೆಮೊರಿ ಮುಖ್ಯ.

ಉದಾಹರಣೆಗೆ, 2023ರಲ್ಲಿ ಬಂದ ಎಎಂಡಿ ರೈಜನ್ 7 7800ಎಕ್ಸ್3ಡಿಯಲ್ಲಿ ಇರೋದು 8 ಕೋರ್, ಆದ್ರೆ ಎಲ್3 ಕ್ಯಾಶ್ 96 ಎಂಬಿ. ಸಾಮಾನ್ಯವಾಗಿ ಗೇಮ್‌ನಲ್ಲಿ ಅದು 16 ಕೋರ್‌ನ ರೈಜನ್ 9 7950ಎಕ್ಸ್‌ಗಿಂತ ಮುಂದೆ. ಎಕ್ಸ್‌ಪೋರ್ಟ್‌ಗೆ ಹಚ್ಚಿದ್ರೆ 7950ಎಕ್ಸ್ ಮುಂದೆ. 4ಕೆ ಗೇಮ್ ಆಡೋರಿಗಂತೂ ಪ್ರೊಸೆಸರ್‌ಗಿಂತ ಗ್ರಾಫಿಕ್ಸ್ ಕಾರ್ಡೇ ದೊಡ್ಡದು.

ಹಾಗಾಗಿ ತಮ್ಮನಿಗೆ ನಾನು ತಿರುಗಿ ಕೇಳಿದ್ದು ಒಂದೇ: "ನಿನ್ನ ಕ್ಯಾಮೆರಾ ಯಾವ ಥರದ ಫೈಲ್ ಕೊಡುತ್ತೆ?" ಎಚ್.265, 10 ಬಿಟ್, 4:2:2 ಅಂದ. ಇಂಥ ಫೈಲ್ ಟೈಮ್‌ಲೈನ್‌ನಲ್ಲಿ ತಡವರಿಸೋದು ಜಾಸ್ತಿ. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗೆ ಒಳಗೇ ಇರೋ ಗ್ರಾಫಿಕ್ಸ್‌ನ ಕ್ವಿಕ್ ಸಿಂಕ್ ಇದನ್ನ ಸಲೀಸಾಗಿ ಬಿಡಿಸುತ್ತೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಈ ಸೌಲಭ್ಯ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಹೆಸರಿನ ಕೊನೆಗೆ 'ಎಫ್' ಇರೋ ಇಂಟೆಲ್ ಪ್ರೊಸೆಸರ್‌ನಲ್ಲಿ ಆ ಗ್ರಾಫಿಕ್ಸೇ ಇರಲ್ಲ. ಸ್ವಲ್ಪ ಅಗ್ಗ ಅಂತ ಅದನ್ನ ತಂದು ಆಮೇಲೆ ಪರದಾಡಬೇಡಿ.

ಇನ್ನೆರಡು ಮಾತು. ಇಂಟೆಲ್‌ನ 13, 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ತೊಂದರೆ ಇತ್ತು. 2024ರಲ್ಲಿ ಕಂಪನಿ ಮೈಕ್ರೋಕೋಡ್ ಸರಿಪಡಿಸಿ, ವಾರಂಟಿಗೆ 2 ವರ್ಷ ಸೇರಿಸಿತು. ಅಂಥದ್ದು ತಗೊಂಡ್ರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿಸಿ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸೋ ಯೋಚನೆ ಇದ್ರೆ ಎಎಂಡಿಯ ಎಎಂ5 ಬೋರ್ಡ್ ನೋಡಿ. ರೈಜನ್ 7000, 8000, 9000 ಮೂರೂ ಸರಣಿ ಅದರಲ್ಲೇ ಕೂರುತ್ತೆ.

ತಮ್ಮ ಕೊನೆಗೆ 14 ಕೋರ್‌ನ ಐ5-14500 ತಗೊಂಡ. ಐ9 ಆಸೆ ಬಿಟ್ಟು ಉಳಿಸಿದ ದುಡ್ಡಲ್ಲಿ ಬಂದಿದ್ದು ಎಸ್‌ಎಸ್‌ಡಿ ಮತ್ತು ಯುಪಿಎಸ್. ಹುಲಿಕಲ್, ಆಗುಂಬೆಯ ಮಳೆ ನೋಡಿದೋರಿಗೆ ಕಾರಣ ಹೇಳೋದು ಬೇಡ. ಎಕ್ಸ್‌ಪೋರ್ಟ್ 95% ಆದಾಗ ಕರೆಂಟು ಹೋದ್ರೆ ಎಂಥ ಪ್ರೊಸೆಸರೂ ಮತ್ತೆ ಮೊದಲಿಂದಲೇ ಶುರು ಮಾಡಬೇಕು.

ಅಂಗಡಿಗೆ ಹೋಗೋ ಮೊದಲು ನೀವೂ ಒಂದು ಚೀಟಿ ಬರ್ಕೊಳ್ಳಿ: ದಿನಕ್ಕೆ ಎಡಿಟಿಂಗ್ ಎಷ್ಟು ಗಂಟೆ, ಗೇಮ್ ಎಷ್ಟು ಗಂಟೆ, ಕ್ಯಾಮೆರಾದ ಫೈಲ್ ಯಾವುದು. ಇಷ್ಟು ಕೈಲಿದ್ರೆ ಅಂಗಡಿಯವರು ತೋರಿಸಿದ್ದನ್ನೆಲ್ಲ ತಗೊಳ್ಳೋ ಪ್ರಮೇಯ ಬರಲ್ಲ.