ಚೆಂಡಿನ ಹಿಂದೊಂದು ಮನೆ

ಅಸರ್ ನಮಾಝ್ ಮುಗಿದು ಮಗ್ರಿಬ್ ಅಝಾನ್ ಆಗುವವರೆಗಿನ ಹೊತ್ತು ಮಕ್ಕಳದ್ದು. ನಮ್ಮ ದಂಡಿನಶಿವರದಲ್ಲಿ ಆ ಹೊತ್ತಿಗೆ ತೆಂಗಿನ ತೋಟದ ಅಂಚಿನ ಖಾಲಿ ಜಾಗವೆಲ್ಲ ಮೈದಾನವಾಗುತ್ತದೆ. ಒಂದು ಕಡೆ ತೆಂಗಿನ ಮಟ್ಟೆಯೇ ಬ್ಯಾಟು. ಇನ್ನೊಂದು ಕಡೆ ಎರಡೆರಡು ಎಳನೀರು ಬುರುಡೆ ಇಟ್ಟರೆ ಅದೇ ಗೋಲು. ಅಝಾನ್ ಕೇಳಿಸಿದಾಗ ಮೈತುಂಬ ಮಣ್ಣು ಮೆತ್ತಿಕೊಂಡು ಮಗ ಮನೆಗೆ ಓಡಿ ಬರುತ್ತಾನೆ. "ಓದಿಲ್ಲ, ಬರೆದಿಲ್ಲ, ಬರೀ ಆಟ!" ಎಂದು ನೀವು ಗದರುತ್ತೀರಿ. ಅವನು ಕೈಕಾಲು ತೊಳೆಯುತ್ತಲೇ ಕೇಳುತ್ತಾನೆ: "ಅಮ್ಮಿ, ತಿಪಟೂರಿಗೆ ಹೋದಾಗ ನನಗೆ ಏಳನೇ ನಂಬರಿನ ಶರ್ಟು ತರುತ್ತೀರಾ?"

ಇದು ನಮ್ಮೂರ ಮಾತಷ್ಟೇ ಅಲ್ಲ, ನಿಮ್ಮ ಮನೆಯಲ್ಲೂ ನಡೆಯುವ ಮಾತೇ. ಆ ಏಳನೇ ನಂಬರಿನ ಶರ್ಟು ಪೋರ್ಚುಗಲ್ ದೇಶದ ಕ್ರಿಸ್ಟಿಯಾನೊ ರೊನಾಲ್ಡೊ ಅವರದು. ಅವರ ತಂದೆ ಒಂದು ಸಣ್ಣ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆಬರೆ, ಚೆಂಡು ನೋಡಿಕೊಳ್ಳುತ್ತಿದ್ದರು. ತಾಯಿ ಅಡುಗೆ ಮತ್ತು ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಮಡೈರಾ ದ್ವೀಪದ ಆ ಹುಡುಗ ಹನ್ನೆರಡನೇ ವಯಸ್ಸಿಗೆ ತಾಯಿಯನ್ನು ಬಿಟ್ಟು ರಾಜಧಾನಿ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್ಬಿಗೆ ಸೇರಿದ. ಮಗ ಕೇಳುವ ಶರ್ಟಿನ ಹಿಂದೆ ಆಟಗಾರನಿದ್ದಾನೆ, ಆಟಗಾರನ ಹಿಂದೆ ಕ್ಲಬ್ಬಿದೆ, ಅದರ ಹಿಂದೆ ಒಂದು ಮನೆಯೂ ಇದೆ. ಇಂತಹ ಕ್ಲಬ್ಬುಗಳು ಹುಟ್ಟುವುದಾದರೂ ಹೇಗೆ?

ಔಷಧಿ ಅಂಗಡಿಯಲ್ಲಿ ಹುಟ್ಟಿದ ಕ್ಲಬ್ಬು

1904ರ ಫೆಬ್ರವರಿ 28ರಂದು ಲಿಸ್ಬನ್‌ನ ಬೆಲೆಂ ಎಂಬಲ್ಲಿ, ಫ್ರಾಂಕೊ ಎಂಬ ಔಷಧಿ ಅಂಗಡಿಯಲ್ಲಿ 24 ಮಂದಿಯ ಗುಂಪೊಂದು ಕ್ಲಬ್ ಕಟ್ಟಿತು. ಕಾಸ್ಮೆ ದಮಿಯಾವೊ ಎಂಬ ತರುಣ ಅವರಲ್ಲಿ ಪ್ರಮುಖ. ಅವರ ಹತ್ತಿರ ಸ್ವಂತ ಮೈದಾನವಿರಲಿಲ್ಲ. ಎರಡು ವರ್ಷದ ನಂತರ, 1906ರ ಜುಲೈ 1ರಂದು, ಅದೇ ಊರಿನಲ್ಲಿ ಜೋಸೆ ಅಲ್ವಲಾದೆ ಎಂಬ ಯುವಕ ಸ್ಪೋರ್ಟಿಂಗ್ ಕ್ಲಬ್ ಸ್ಥಾಪಿಸಿದ. ಅವನಿಗೆ ಸಿರಿವಂತ ಅಜ್ಜನ ಹಣದ ಮತ್ತು ಜಾಗದ ಬಲವಿತ್ತು. ಅನುಕೂಲ ಎಲ್ಲಿದೆಯೋ ಜನ ಅಲ್ಲಿಗೆ ಹೋಗುತ್ತಾರಲ್ಲವೇ? 1907ರಲ್ಲಿ ಬಡ ಕ್ಲಬ್ಬಿನ ಎಂಟು ಆಟಗಾರರು ಸ್ಪೋರ್ಟಿಂಗ್‌ಗೆ ಹೊರಟುಹೋದರು.

ಅಲ್ಲಿಗೆ ಔಷಧಿ ಅಂಗಡಿಯ ಹುಡುಗರ ಕಥೆ ಮುಗಿಯಬೇಕಿತ್ತು. ಆದರೆ ಉಳಿದವರು ಕೈಚೆಲ್ಲಲಿಲ್ಲ. 1908ರಲ್ಲಿ ಬೆನ್ಫಿಕಾ ಎಂಬ ಬಡಾವಣೆಯ ಇನ್ನೊಂದು ಕ್ಲಬ್ಬಿನೊಂದಿಗೆ ಸೇರಿಕೊಂಡರು. ಅದೇ ಇಂದಿನ ಪ್ರಸಿದ್ಧ ಬೆನ್ಫಿಕಾ. ಒಂದು ಕ್ಲಬ್ಬಿಗೆ ಅಜ್ಜನ ಆಸ್ತಿ ಆಸರೆಯಾಯಿತು, ಇನ್ನೊಂದಕ್ಕೆ ಒಗ್ಗಟ್ಟೇ ಆಸ್ತಿಯಾಯಿತು. ನೂರು ವರ್ಷ ದಾಟಿದರೂ ಎರಡೂ ಬಾಳುತ್ತಿವೆ.

"ಅದು ದೂರದ ದೇಶದ ಕಥೆ, ನಮಗೇನು?" ಎನ್ನಬೇಡಿ. ಇದಕ್ಕಿಂತ ಹಳೆಯದಾದ, ಇದಕ್ಕಿಂತ ಕಷ್ಟದ ಕಥೆ ನಮ್ಮ ನೆಲದಲ್ಲೇ ಇದೆ.

ಮೂರು ಹೆಸರು, 43 ವರ್ಷದ ಕಾಯುವಿಕೆ

1887. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ವರ್ಷ. ಕಲ್ಕತ್ತಾದಲ್ಲಿ ಖಾನ್ ಬಹದ್ದೂರ್ ಅಮೀನುಲ್ ಇಸ್ಲಾಂ ಅವರ ಮುಂದಾಳತ್ವದಲ್ಲಿ ಮುಸ್ಲಿಂ ಯುವಕರು ಜುಬಿಲಿ ಕ್ಲಬ್ ಎಂಬ ಹೆಸರಿನಲ್ಲಿ ಒಂದು ಆಟದ ಕೂಟ ಕಟ್ಟಿದರು. ಮುಂದೆ ಅದು ಕ್ರೆಸೆಂಟ್ ಕ್ಲಬ್ ಆಯಿತು, ಆಮೇಲೆ ಹಮೀದಿಯಾ ಕ್ಲಬ್ ಆಯಿತು. 1891ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಎಂಬ ಹೆಸರು ನಿಂತಿತು.

ಹೆಸರೇನೋ ನಿಂತಿತು, ಆದರೆ ದೊಡ್ಡವರ ಸಾಲಿನಲ್ಲಿ ಜಾಗ ಸಿಗಲಿಲ್ಲ. ಅಂದಿನ ದೊಡ್ಡ ಪಂದ್ಯಾವಳಿಗಳಲ್ಲಿ ಬ್ರಿಟಿಷ್ ಸೇನೆಯ ರೆಜಿಮೆಂಟ್ ತಂಡಗಳದ್ದೇ ಕಾರುಬಾರು. 1911ರಲ್ಲಿ ಮೋಹನ್ ಬಾಗಾನ್ ಹುಡುಗರು, ಒಬ್ಬರ ಹೊರತು ಉಳಿದವರೆಲ್ಲ ಬರಿಗಾಲಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ದೇಶವೇ ಸಂಭ್ರಮಿಸಿತು. ಆದರೆ ಕಲ್ಕತ್ತಾ ಲೀಗನ್ನು ಗೆಲ್ಲಲು ಆಗಲೂ ಭಾರತೀಯ ತಂಡಗಳಿಗೆ ಆಗಲಿಲ್ಲ. ಮೊಹಮ್ಮಡನ್ ಸ್ಪೋರ್ಟಿಂಗ್ ಅಂತೂ ಎರಡನೇ ದರ್ಜೆಯಲ್ಲೇ ಬಹುಕಾಲ ಉಳಿಯಿತು.

1930ರ ದಶಕದಲ್ಲಿ ಸಿ.ಎ. ಅಝೀಝ್ ಎಂಬವರು ಕ್ಲಬ್ಬಿನ ಹೊಣೆ ಹೊತ್ತರು. ಅವರು ಮಾಡಿದ ಕೆಲಸ ಕೇಳಲು ಸಣ್ಣದು. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಬರಿಗಾಲಿನ ಹುಡುಗರು ಜಾರಿ ಬೀಳುತ್ತಿದ್ದರು, ಬೂಟು ತೊಟ್ಟ ಸೈನಿಕರು ಗೆದ್ದುಬಿಡುತ್ತಿದ್ದರು. ಒಣ ನೆಲದಲ್ಲಿ ಬರಿಗಾಲೇ ಇರಲಿ, ಕೆಸರಿನಲ್ಲಿ ಬೂಟು ಹಾಕಿ ಎಂದು ಅವರು ಹುಡುಗರನ್ನು ಅಭ್ಯಾಸ ಮಾಡಿಸಿದರು. ಎರಡನೆಯದಾಗಿ, ಒಳ್ಳೆಯ ಆಟಗಾರ ಎಲ್ಲಿದ್ದರೂ ಹುಡುಕಿ ತಂದರು. ಹಾಗೆ ಹುಡುಕಿದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು.

1934ರಲ್ಲಿ ತಂಡ ಮೊದಲ ದರ್ಜೆಗೆ ಏರಿತು. ಏರಿದ ವರ್ಷವೇ ಲೀಗನ್ನು ಗೆದ್ದಿತು! ಕಲ್ಕತ್ತಾ ಲೀಗ್ ಗೆದ್ದ ಮೊತ್ತಮೊದಲ ಭಾರತೀಯ ತಂಡ ಅದು. ಸ್ಥಾಪನೆಯಾಗಿ ಆಗಲೇ 43 ವರ್ಷ ಕಳೆದಿತ್ತು. ಮೊದಲು ಕ್ಲಬ್ ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ಆ ದಿನ ಕಂಡರು. ಅಲ್ಲಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಅವರದೇ. 1936ರಲ್ಲಿ ಐಎಫ್‌ಎ ಶೀಲ್ಡ್ ಕೂಡ ಬಂತು.

ಬ್ಯಾಂಡೇಜು ಸುತ್ತಿದ ಬರಿಗಾಲು

ಆ ತಂಡದಲ್ಲಿ ಮುಹಮ್ಮದ್ ಸಲೀಂ ಎಂಬ ಆಟಗಾರನಿದ್ದ. 1936ರಲ್ಲಿ ಸ್ಕಾಟ್ಲೆಂಡಿನಲ್ಲಿದ್ದ ಸಂಬಂಧಿಯೊಬ್ಬರು ಅವನನ್ನು ಗ್ಲಾಸ್ಗೋದ ಪ್ರಸಿದ್ಧ ಸೆಲ್ಟಿಕ್ ಕ್ಲಬ್ಬಿಗೆ ಕರೆದೊಯ್ದರು. ಅವನಿಗೆ ಬೂಟು ಹಾಕಿ ಆಡಿ ಅಭ್ಯಾಸವಿಲ್ಲ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಬರಿಗಾಲಲ್ಲೇ ಎರಡು ಪಂದ್ಯ ಆಡಿದ. ಅಲ್ಲಿನ ಜನ ಬೆರಗಾದರು, ಪತ್ರಿಕೆಗಳು ಹೊಗಳಿದವು, ಕ್ಲಬ್ಬು ಇಲ್ಲೇ ಇರು ಎಂದಿತು. ಆದರೆ ಅವನಿಗೆ ಮನೆಯ ನೆನಪು ಕಾಡಿತು, ಮರಳಿ ಬಂದುಬಿಟ್ಟ.

ಎಷ್ಟೋ ವರ್ಷಗಳ ಮೇಲೆ ಸಲೀಂ ಕಾಯಿಲೆ ಬಿದ್ದಾಗ ಮಗ ಸೆಲ್ಟಿಕ್ ಕ್ಲಬ್ಬಿಗೆ ಪತ್ರ ಬರೆದ. ಅವನಿಗೆ ಬೇಕಿದ್ದುದು ಹಣವಲ್ಲ, ತಂದೆಯ ನೆನಪು ಅವರಿಗೆ ಇದೆಯೇ ಎಂದು ತಿಳಿಯುವುದು. ಕ್ಲಬ್ಬಿನಿಂದ ಉತ್ತರದೊಂದಿಗೆ ನೂರು ಪೌಂಡಿನ ಡ್ರಾಫ್ಟು ಬಂತು. ಮಗ ಅದನ್ನು ನಗದು ಮಾಡಿಸಿಕೊಳ್ಳಲೇ ಇಲ್ಲ, ತಂದೆಯ ನೆನಪಿಗೆಂದು ಜೋಪಾನ ಮಾಡಿದ.

ದಂಡಿನ ಹುಡುಗರು

ಈಗ ನಮ್ಮ ಬೆಂಗಳೂರಿಗೆ ಬನ್ನಿ. ದಂಡಿನಶಿವರದ ಹೆಸರಿನಲ್ಲಿ ದಂಡು ಇರುವಂತೆ ಬೆಂಗಳೂರಿನಲ್ಲೂ ಒಂದು ದಂಡು ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಬೆಂಗಳೂರಿಗೆ ತಂದು ನೆಲೆಗೊಳಿಸಿದ ಪ್ರದೇಶವದು. ಇಂದಿಗೂ ಹಳಬರು ಅದನ್ನು ದಂಡು ಎಂದೇ ಕರೆಯುತ್ತಾರೆ. ಸೈನಿಕರು ಸಂಜೆ ಫುಟ್ಬಾಲ್ ಆಡುತ್ತಿದ್ದರು. ಅದನ್ನು ನೋಡನೋಡುತ್ತ ಅಲ್ಲಿನ ಬಡಾವಣೆಗಳ ಹುಡುಗರೂ ಆಟ ಕಲಿತರು. ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಆ ಹುಚ್ಚು ಇಂದಿಗೂ ಇಳಿದಿಲ್ಲ.

ಆ ಹುಡುಗರ ನಡುವಿನಿಂದ ಎದ್ದು ಬಂದ ತಂಡವೇ ಬೆಂಗಳೂರು ಮುಸ್ಲಿಮ್ಸ್. ಮುಂಬಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. ನಲವತ್ತಕ್ಕೂ ಹೆಚ್ಚು ವರ್ಷ ಅದು ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಇತ್ತು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದು ಸೋತಿತ್ತು. 1937ರಲ್ಲಿ ಎರಡು ಭಾರತೀಯ ತಂಡಗಳು ಫೈನಲ್‌ನಲ್ಲಿ ಎದುರಾದವು. ಒಂದು, ಆಗ ದೇಶವೆಲ್ಲ ಮಾತನಾಡುತ್ತಿದ್ದ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಇನ್ನೊಂದು ನಮ್ಮ ಬೆಂಗಳೂರು ಮುಸ್ಲಿಮ್ಸ್.

ಗೆದ್ದವರು ಯಾರು ಗೊತ್ತೇ? ಬೆಂಗಳೂರಿನವರು! ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಂಡು ಬಲಗೊಂಡಿದ್ದ ತಂಡವನ್ನೇ ಬೆಂಗಳೂರಿನ ತಂಡ ಮಣಿಸಿತ್ತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವೆಂಬ ಗೌರವ ಕನ್ನಡನಾಡಿಗೆ ಬಂತು. 1938ರಲ್ಲಿ ಕಪ್ ಮತ್ತೆ ಅವರದೇ ಆಯಿತು. 1940ರಲ್ಲಿ ಅದೇ ಎರಡು ತಂಡಗಳು ಫೈನಲ್‌ನಲ್ಲಿ ಮತ್ತೆ ಮುಖಾಮುಖಿಯಾದಾಗ ಕಲ್ಕತ್ತಾದವರು ಸೇಡು ತೀರಿಸಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವೂ ಆದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮೂರನೇ ಬಾರಿ ರೋವರ್ಸ್ ಕಪ್ ಎತ್ತಿದರು.

ತಂಡದ ಹೆಸರು ಒಂದು ಸಮುದಾಯದ್ದಿರಬಹುದು. ಆದರೆ ಆಟ ಎಲ್ಲರನ್ನೂ ಒಂದೇ ಮೈದಾನಕ್ಕೆ ತಂದಿತು. 1946-47ರಲ್ಲಿ ಮೈಸೂರು ತಂಡ ಬಲಿಷ್ಠ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಬಶೀರ್ ಇದ್ದಂತೆ ರಾಮನ್, ಧನರಾಜ್, ವಜ್ರವೇಲು ಕೂಡ ಇದ್ದರು. ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ರಾಮನ್. ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು.

ಅಹ್ಮದ್ ಖಾನ್ ಅವರ ಮನೆಯನ್ನೇ ನೋಡಿ. ತಂದೆ ಫುಟ್ಬಾಲ್ ಆಟಗಾರ, ಸಹೋದರರೂ ಆಟಗಾರರು. 1926ರಲ್ಲಿ ಹುಟ್ಟಿದ ಅವರು 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುಂಚೂಣಿ ಆಟಗಾರರನ್ನು ಜನ ಪಂಚಪಾಂಡವರೆಂದು ಕರೆದರು. ಅವರಲ್ಲಿ ಅಹ್ಮದ್ ಖಾನ್ ಒಬ್ಬರು, ಧನರಾಜ್ ಇನ್ನೊಬ್ಬರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್ ಇದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದೇ. ಆ ಸೋಲಿನ ನಂತರವೇ ಬೂಟು ಕಡ್ಡಾಯವಾಯಿತು. ಅಝೀಝ್ ಸಾಹೇಬರು ಕೆಸರಿನಲ್ಲಿ ಕಲಿಸಿದ ಪಾಠವನ್ನು ದೇಶ ಕಲಿಯಲು ಇಷ್ಟು ವರ್ಷ ಬೇಕಾಯಿತು. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು.

ಅಟ್ಟದ ಮೇಲೇನಿದೆ?

ಒಂದು ಮಾತು ಕೇಳುತ್ತೇನೆ, ಸೋದರಿ. ಈ ಹೆಸರುಗಳನ್ನು ಶಾಲೆಯ ಪಾಠದಲ್ಲಿ ಓದಿದ ನೆನಪು ನಿಮಗಿದೆಯೇ? ರೋವರ್ಸ್ ಕಪ್ ಕೂಡ 2000-01ರ ನಂತರ ನಿಂತುಹೋಯಿತು. ಮಗನಿಗೆ ಲಿಸ್ಬನ್ ಕ್ಲಬ್ಬಿನ ಹೆಸರು ಗೊತ್ತು, 1937ರಲ್ಲಿ ಗೆದ್ದ ಬೆಂಗಳೂರಿನ ಹುಡುಗರ ಹೆಸರು ಗೊತ್ತಿಲ್ಲ. ತಪ್ಪು ಅವನದಲ್ಲ. ಹೇಳಬೇಕಾದವರು ನಾವು ಹೇಳಲಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿ ಬಿಡಿಸಿಕೊಳ್ಳುವವರೆಗೆ ಅವಸರ ಮಾಡುವುದಿಲ್ಲ. ಕಾಯುವುದು ನಮಗೆ ಹೊಸದಲ್ಲ. ಆದರೆ ಅದೇ ಅಟ್ಟದ ಮೂಲೆಯ ಹಳೆಯ ಪೆಟ್ಟಿಗೆಯನ್ನು ಮಾತ್ರ ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಗುಜರಿಗೆ ಹಾಕಿಬಿಡುತ್ತೇವೆ. ಅದರಲ್ಲಿ ದಾದಾ ಅಥವಾ ನಾನಾ ತಂಡದೊಂದಿಗೆ ನಿಂತ ಒಂದು ಫೋಟೋ ಇರಬಹುದು, ತುಕ್ಕು ಹಿಡಿದ ಪದಕವಿರಬಹುದು. ಸಲೀಂ ಅವರ ಮಗ ಒಂದು ಕಾಗದವನ್ನು ಎಷ್ಟು ಜೋಪಾನ ಮಾಡಿದ ನೆನಪಿದೆಯಲ್ಲ? ಬಿಸಾಡುವ ಮೊದಲು ಮನೆಯ ಹಿರಿಯರನ್ನು ಕೇಳಿ. ಫೋಟೋದಲ್ಲಿರುವವರ ಹೆಸರು, ಊರು, ವರ್ಷವನ್ನು ಹಿಂಬದಿಯಲ್ಲಿ ಬರೆದಿಡಿ.

ಇನ್ನು ಮಗನ ಆಟದ ವಿಷಯ. ಕ್ಲಬ್ ಕಟ್ಟಲು ಸಿರಿವಂತ ಅಜ್ಜ ಇರಲೇಬೇಕೆಂದಿಲ್ಲ ಎಂದು ಔಷಧಿ ಅಂಗಡಿಯ ಹುಡುಗರು ತೋರಿಸಿದ್ದಾರೆ. ಒಂದು ನೋಟ್‌ಬುಕ್ಕು, ಅದರಲ್ಲಿ ಹದಿನೈದು ಮಕ್ಕಳ ಹೆಸರು, ಶಾಲೆಯ ಮೈದಾನ ಬಳಸಲು ಮುಖ್ಯೋಪಾಧ್ಯಾಯರ ಒಪ್ಪಿಗೆ, ತಿಂಗಳಿಗಿಷ್ಟು ಎಂದು ಕೂಡಿಡುವ ಚಿಲ್ಲರೆ ಹಣ ಇದ್ದರೆ ಆರಂಭಕ್ಕೆ ಸಾಕು. ಸ್ವಸಹಾಯ ಸಂಘದ ಲೆಕ್ಕ ಇಡುವ ನಿಮಗೆ ಈ ಲೆಕ್ಕ ಕಷ್ಟವೇ? ಮುಂದೆ ಬೇಕೆನಿಸಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಆ ನೋಟ್‌ಬುಕ್ಕಿನಲ್ಲಿ ನೆರೆಮನೆಯ ಎಲ್ಲ ಮಕ್ಕಳ ಹೆಸರೂ ಇರಲಿ. ಮಗಳ ಹೆಸರೂ ಇರಲಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗಿಯರು 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗ್‌ನ ಫೈನಲ್‌ವರೆಗೆ ಹೋಗಿ ಬಂದಿದ್ದಾರೆ.

ಫಲ ಕೂಡಲೇ ಸಿಗದಿರಬಹುದು. 1968-69ರ ನಂತರ ಸಂತೋಷ್ ಟ್ರೋಫಿಗಾಗಿ ನಮ್ಮ ರಾಜ್ಯ 54 ವರ್ಷ ಕಾಯಿತು. ಕೊನೆಗೆ 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಎಷ್ಟೋ ವರ್ಷ ಹಿಂದೆ ಬಿದ್ದು, 2023-24ರಲ್ಲಿ ಐ-ಲೀಗ್ ಗೆದ್ದು ದೇಶದ ಅತ್ಯುನ್ನತ ಲೀಗ್‌ಗೆ ಏರಿತು.

ನಾಳೆ ಸಂಜೆ ಮಗ ಮಣ್ಣು ಮೆತ್ತಿಕೊಂಡು ಬಂದಾಗ ಗದರುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: "ಇವತ್ತು ಎಷ್ಟು ಗೋಲಿನಿಂದ ಗೆದ್ದಿರಿ?" ಸೋತೆವೆಂದರೂ ಕೂತು ಕೇಳಿ. ಆಮೇಲೆ ಪಾಠದ ಪುಸ್ತಕ ತೆಗೆಯಲು ಹೇಳಿ. ಅವನು ಬೇಗ ತೆಗೆಯುತ್ತಾನೆ.