ಬೂಟು ಬೇಯಿಸಿ ತಿಂದವನನ್ನು ಕಂಡು ನಕ್ಕಿದ್ದೇಕೆ?

ಕಳೆದ ದಸರಾ ರಜೆಯಲ್ಲಿ ಮೊಮ್ಮಗಳು ಮನೆಗೆ ಬಂದಿದ್ದಳು. ಆರನೇ ತರಗತಿ. ಹೊರಗೆ ಜಿಟಿಜಿಟಿ ಮಳೆ. "ತಾತ, ಏನಾದ್ರೂ ತೋರ್ಸು" ಎಂದು ಪೀಡಿಸಿದಳು. ನಾನು ಚಾರ್ಲಿ ಚಾಪ್ಲಿನ್‌ನ 'ದ ಗೋಲ್ಡ್ ರಷ್' ಹಾಕಿದೆ. "ಬಣ್ಣಾನೂ ಇಲ್ಲ, ಮಾತೂ ಇಲ್ಲ" ಎಂದು ಮೂಗು ಮುರಿದವಳು ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ನಗುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು.

"ತಾತ, ಸ್ಕೂಲ್ ಡೇ ದಿನ ಪ್ರೈಜ್ ತಗೊಳ್ಳೋಕೆ ಸ್ಟೇಜ್ ಹತ್ತುವಾಗ ನಾನು ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಎಲ್ಲರೂ ನಕ್ಕುಬಿಟ್ರು. ನಂಗೆ ಅಳು ಬಂತು. ಈಗ ಇವನು ಬಿದ್ರೆ ನಾನೇ ನಗ್ತಿದೀನಿ. ಹಾಗಾದ್ರೆ ನಾನೂ ಅವರ ಥರಾನೇ ಅಲ್ವಾ?"

ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಬ್ಯಾಂಕಿನ ಗುಮಾಸ್ತನಾಗಿದ್ದಾಗ ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಆ ಚಾಳಿ ಈಗಲೂ ಬಿಟ್ಟಿಲ್ಲ. ಹೀಗಾಗಿ ಅವಳ ಪ್ರಶ್ನೆಯ ಲೆಕ್ಕ ಬಿಡಿಸಲು ಕೆಲವು ಪುಸ್ತಕಗಳನ್ನು ತಿರುವಿಹಾಕಿದೆ, ಚಾಪ್ಲಿನ್ ಸಿನಿಮಾಗಳನ್ನು ಮತ್ತೆ ನೋಡಿದೆ. ನನಗೆ ದಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಮೇಲೆ, ನೀನು ಕೆಳಗೆ

ನಾವು ಏಕೆ ನಗುತ್ತೇವೆ ಎಂಬ ಪ್ರಶ್ನೆ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಗ್ರೀಸ್ ದೇಶದ ಪ್ಲೇಟೋ ಮತ್ತು ಅರಿಸ್ಟಾಟಲ್ ಇದನ್ನು ಯೋಚಿಸಿದ್ದರು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇನ್ನೂ ಖಡಕ್ಕಾಗಿ ಹೇಳಿದ. ಬೇರೆಯವರ ಕುಂದು ಕಂಡಾಗ 'ಸದ್ಯ, ನಾನು ಹಾಗಿಲ್ಲ' ಎಂಬ ಹೆಮ್ಮೆ ಥಟ್ಟನೆ ಉಕ್ಕುತ್ತದೆ, ಅದೇ ನಗು ಎಂಬುದು ಅವನ ವಾದ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿದವನನ್ನು ಕಂಡು ನಗುವುದು ಇದೇ ಬಗೆಯದು.

ಮೊಮ್ಮಗಳು ಬಿದ್ದಾಗ ಸಭೆಯಲ್ಲಿ ಎದ್ದ ನಗುವೂ ಇದೇ ಇರಬೇಕು. ಆದರೆ ನಗುವೆಲ್ಲ ಇಷ್ಟೇ ಆಗಿದ್ದರೆ ಪುಟ್ಟ ಮಗುವಿನ ತೊದಲು ಮಾತಿಗೆ ನಾವೇಕೆ ನಗಬೇಕು? ಮಗುವಿನ ಮುಂದೆ ಯಾರಾದರೂ ಹೆಮ್ಮೆ ಪಡುತ್ತಾರೆಯೇ?

ಅಂದುಕೊಂಡದ್ದೊಂದು, ಆದದ್ದೊಂದು

18ನೇ ಶತಮಾನದ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಬೇರೆ ದಾರಿ ಹಿಡಿದ. ಮನಸ್ಸು ಏನನ್ನೋ ನಿರೀಕ್ಷಿಸಿ ಬಿಗಿಯಾಗಿ ಕಾದಿರುತ್ತದೆ, ಆ ನಿರೀಕ್ಷೆ ಠುಸ್ಸೆಂದಾಗ ನಗು ಬರುತ್ತದೆ ಎಂದ. ಒಂದಕ್ಕೊಂದು ಹೊಂದದ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟರೆ ನಗು ಹುಟ್ಟುತ್ತದೆ ಎಂದು ಮುಂದೆ ಹಲವರು ಇದನ್ನು ವಿಸ್ತರಿಸಿದರು.

1925ರ 'ದ ಗೋಲ್ಡ್ ರಷ್'ನಲ್ಲಿ ಚಿನ್ನ ಹುಡುಕಲು ಹೊರಟ ಚಾರ್ಲಿ ಮತ್ತೊಬ್ಬನೊಂದಿಗೆ ಹಿಮದ ನಡುವಿನ ಗುಡಿಸಲಲ್ಲಿ ಸಿಕ್ಕಿಕೊಳ್ಳುತ್ತಾನೆ. ತಿನ್ನಲು ಏನೂ ಇಲ್ಲ. ಕೊನೆಗೆ ತನ್ನ ಬೂಟನ್ನೇ ಬೇಯಿಸಿ ತಟ್ಟೆಗೆ ಹಾಕುತ್ತಾನೆ. ತಿನ್ನುವುದಾದರೂ ಹೇಗೆ? ದೊಡ್ಡ ಹೋಟೆಲಿನಲ್ಲಿ ಕುಳಿತ ಸಾಹೇಬನ ಠೀವಿಯಲ್ಲಿ! ಲೇಸನ್ನು ಶ್ಯಾವಿಗೆಯಂತೆ ಸುತ್ತಿ ಬಾಯಿಗಿಡುತ್ತಾನೆ. ಮೊಳೆಗಳನ್ನು ಕೋಳಿಯ ಮೂಳೆಯಂತೆ ಚೀಪುತ್ತಾನೆ. ತಿನ್ನುವುದು ಬೂಟು, ತೋರುವುದು ರಾಜಮರ್ಯಾದೆ. ಹೊಂದದ ಈ ಎರಡು ಢಿಕ್ಕಿ ಹೊಡೆದಲ್ಲೇ ನಮಗೆ ನಗು. (ಮಕ್ಕಳೇ, ಗಾಬರಿ ಬೇಡ. ಆ ಬೂಟನ್ನು ಅತಿಮಧುರದ ಮಿಠಾಯಿಯಿಂದ ಮಾಡಿದ್ದರು.)

ಚಾಪ್ಲಿನ್ 1914ರಲ್ಲಿ ತೊಟ್ಟ ವೇಷವನ್ನೇ ನೋಡಿ. ಬಿಗಿ ಕೋಟು, ದೊಗಳೆ ಪ್ಯಾಂಟು, ಪುಟ್ಟ ಟೋಪಿ, ದೊಡ್ಡ ಬೂಟು. ಯಾವುದೂ ಯಾವುದಕ್ಕೂ ಹೊಂದುವುದಿಲ್ಲ. ನಮ್ಮ ಭರತಮುನಿ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದ. 'ನಾಟ್ಯಶಾಸ್ತ್ರ'ದಲ್ಲಿ ಹಾಸ್ಯರಸಕ್ಕೆ ಕಾರಣಗಳನ್ನು ಹೇಳುವಾಗ ವಿಕಾರವಾದ ವೇಷ, ಹೊಂದದ ಅಲಂಕಾರಗಳನ್ನು ಅವನು ಮೊದಲಿಗೇ ಎಣಿಸುತ್ತಾನೆ.

ಕುಕ್ಕರಿನ ಸೀಟಿ

ಇಂಗ್ಲೆಂಡಿನ ಹರ್ಬರ್ಟ್ ಸ್ಪೆನ್ಸರ್ ಮತ್ತು ಆನಂತರ ಬಂದ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರದು ಮೂರನೆಯ ವಿವರಣೆ. ಒಳಗೆ ಕಟ್ಟಿಕೊಂಡ ಒತ್ತಡ ಹೊರಬರುವ ದಾರಿ ನಗು. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆದು ಹಗುರಾಗುವ ಹಾಗೆ.

ಅದೇ ಸಿನಿಮಾದ ಕೊನೆಯ ಭಾಗದಲ್ಲಿ ಬಿರುಗಾಳಿಗೆ ಗುಡಿಸಲು ಜಾರಿ ಪ್ರಪಾತದ ಅಂಚಿಗೆ ಬಂದು ನಿಂತಿರುತ್ತದೆ. ಅರ್ಧ ನೆಲದ ಮೇಲೆ, ಅರ್ಧ ಗಾಳಿಯಲ್ಲಿ. ಒಳಗಿರುವವರಿಗೆ ಅದು ತಿಳಿಯದು. ಅವರು ಆ ಕಡೆ ಹೋದರೆ ಮನೆ ಆ ಕಡೆ ವಾಲುತ್ತದೆ, ಈ ಕಡೆ ಬಂದರೆ ಈ ಕಡೆ. ನಮಗೆ ಉಸಿರು ಬಿಗಿಹಿಡಿದಂತಾಗುತ್ತದೆ. ಪ್ರತಿ ಸಲ ಅವರು ಬಚಾವಾದಾಗ ಆ ಬಿಗಿತವೇ ನಗುವಾಗಿ ಹೊರಬೀಳುತ್ತದೆ. ನನ್ನ ಮೊಮ್ಮಗಳು ಇಲ್ಲಿ ನನ್ನ ತೋಳು ಹಿಡಿದುಕೊಂಡೇ ನಗುತ್ತಿದ್ದಳು. ಭಯ, ನಗು ಎರಡೂ ಒಟ್ಟಿಗೆ.

ಮನುಷ್ಯ ಯಂತ್ರವಾದಾಗ

ನನಗೆ ತುಂಬ ಹತ್ತಿರವೆನಿಸಿದ್ದು ಫ್ರಾನ್ಸಿನ ಹೆನ್ರಿ ಬರ್ಗ್‌ಸನ್ ಹೇಳಿದ ಮಾತು. 1900ರಲ್ಲಿ ಅವನು ನಗುವಿನ ಬಗ್ಗೆಯೇ ಒಂದು ಪುಸ್ತಕ ತಂದ. ಜೀವಂತ ಮನುಷ್ಯ ಕೀಲುಗೊಂಬೆಯಂತೆ ವರ್ತಿಸಿದಾಗ ನಮಗೆ ನಗು ಬರುತ್ತದೆ ಎಂದು ಅದರಲ್ಲಿ ವಿವರಿಸಿದ.

ಇದಕ್ಕೆ ಸಾಕ್ಷಿ ಬೇಕೆಂದರೆ 1936ರ 'ಮಾಡರ್ನ್ ಟೈಮ್ಸ್' ನೋಡಬೇಕು. ಕಾರ್ಖಾನೆಯಲ್ಲಿ ಚಾರ್ಲಿಗೆ ದಿನವಿಡೀ ಒಂದೇ ಕೆಲಸ. ಎದುರಿಗೆ ಓಡುವ ಪಟ್ಟಿಯ ಮೇಲೆ ಬರುವ ನಟ್ಟುಗಳನ್ನು ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ತಿರುಗಿಸುವುದು. ಕೆಲಸ ನಿಂತರೂ ಕೈ ನಿಲ್ಲುವುದಿಲ್ಲ. ಕೊನೆಗೆ ಹೆಂಗಸೊಬ್ಬಳ ಉಡುಪಿನ ಗುಂಡಿಗಳು ಕೂಡ ಅವನ ಕಣ್ಣಿಗೆ ನಟ್ಟಿನಂತೆ ಕಾಣುತ್ತವೆ!

ಇದನ್ನು ನೋಡಿ ನಾನು ನಕ್ಕೆ. ಆಮೇಲೆ ನನ್ನದೇ ನೆನಪಾಯಿತು. ಕ್ಯಾಷ್ ಕೌಂಟರಿನಲ್ಲಿ ವರ್ಷಗಟ್ಟಲೆ ನೋಟು ಎಣಿಸಿದ ಕೈ ನನ್ನದು. ಬಲಗಡೆ ಒದ್ದೆ ಸ್ಪಂಜಿನ ಡಬ್ಬಿ ಇರುತ್ತಿತ್ತು. ನಿವೃತ್ತನಾದ ಹೊಸದರಲ್ಲಿ ಮನೆಯಲ್ಲಿ ಮದುವೆಯ ಕರೆಯೋಲೆ ಎಣಿಸುವಾಗಲೂ ನನ್ನ ಬೆರಳು ಬಲಗಡೆಗೆ ಹೋಗಿ ಇಲ್ಲದ ಡಬ್ಬಿಯನ್ನು ಹುಡುಕುತ್ತಿತ್ತು. ಹೆಂಡತಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಆದರೆ ಆ ನಗುವಿನ ಅಡಿಯಲ್ಲಿ 'ಇಷ್ಟು ವರ್ಷ ನಾನು ಕೆಲಸ ಮಾಡಿದೆನೋ, ಕೆಲಸವೇ ನನ್ನನ್ನು ಮಾಡಿತೋ' ಎಂಬ ಪ್ರಶ್ನೆಯೂ ಇತ್ತು.

ಚಾಪ್ಲಿನ್ ಕೇಳುವುದೂ ಅದನ್ನೇ. ಅದೇ ಸಿನಿಮಾದಲ್ಲಿ ಕಾರ್ಮಿಕರ ಊಟದ ಸಮಯ ಉಳಿಸಲು ಊಟ ಮಾಡಿಸುವ ಯಂತ್ರ ತರುತ್ತಾರೆ. ಅದು ಕೆಟ್ಟು ಜೋಳದ ತೆನೆಯನ್ನು ಚಾರ್ಲಿಯ ಬಾಯಿಗೆ ಗರಗರ ತಿರುವುತ್ತದೆ. ನಾವು ನಗುತ್ತೇವೆ. ಆದರೆ ಮನುಷ್ಯನಿಗೆ ನೆಮ್ಮದಿಯಾಗಿ ನಾಲ್ಕು ತುತ್ತು ತಿನ್ನಲೂ ಬಿಡದ ವ್ಯವಸ್ಥೆ ಎಂಥದ್ದು? ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದ ಮಹಾ ಆರ್ಥಿಕ ಕುಸಿತದ ಕಾಲವದು. 1931ರ ಸೆಪ್ಟೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿಯನ್ನು ಚಾಪ್ಲಿನ್ ಕಂಡಿದ್ದ. ಯಂತ್ರಗಳಿಗೆ ನೀವೇಕೆ ವಿರೋಧ ಎಂದು ಕೇಳಿದ್ದ. ಆ ಭೇಟಿಯಿಂದಲೇ ಈ ಸಿನಿಮಾ ಹುಟ್ಟಿತೆನ್ನಲಾಗದು. ಆದರೆ ಇಬ್ಬರ ಮನಸ್ಸಿನಲ್ಲೂ ಅದೇ ಚಿಂತೆ ಇತ್ತೆಂಬುದು ಸ್ಪಷ್ಟ.

ದೊಡ್ಡವರನ್ನು ಕಂಡು ನಗುವುದು

ಹಾಬ್ಸ್ ಹೇಳಿದ 'ನಾನು ಮೇಲೆ' ಎಂಬ ನಗುವನ್ನು ಚಾಪ್ಲಿನ್ ತಲೆಕೆಳಗು ಮಾಡಿದ. ಅವನೂ ಹಿಟ್ಲರನೂ ಹುಟ್ಟಿದ್ದು 1889ರ ಏಪ್ರಿಲಿನಲ್ಲಿ, ನಾಲ್ಕೇ ದಿನಗಳ ಅಂತರದಲ್ಲಿ. ಇಬ್ಬರಿಗೂ ಒಂದೇ ಥರದ ಮೀಸೆ. 1940ರ 'ದ ಗ್ರೇಟ್ ಡಿಕ್ಟೇಟರ್'ನಲ್ಲಿ ಚಾಪ್ಲಿನ್ ಸರ್ವಾಧಿಕಾರಿಯೂ ಆದ, ಅವನಿಂದ ಹಿಂಸೆಗೊಳಗಾದ ಯಹೂದಿ ಕ್ಷೌರಿಕನೂ ಆದ. ಸರ್ವಾಧಿಕಾರಿ ಭೂಗೋಳದ ಬಲೂನನ್ನು ಎಸೆದು, ಹಿಡಿದು, ಮೈಮರೆತು ಕುಣಿಯುತ್ತಾನೆ. ಕೊನೆಗೆ ಅದು ಫಟ್ಟೆಂದು ಒಡೆಯುತ್ತದೆ. ಇಲ್ಲಿ ನಗುವವರು ಸಾಮಾನ್ಯರು, ನಗೆಪಾಟಲಾಗುವವನು ಲೋಕವನ್ನೇ ಹೆದರಿಸಿದವನು.

ಆದರೆ ಯಾತನಾ ಶಿಬಿರಗಳ ನಿಜವಾದ ಕ್ರೌರ್ಯ ಆಗಲೇ ತಿಳಿದಿದ್ದರೆ ಈ ಸಿನಿಮಾ ಮಾಡಲು ತನ್ನಿಂದ ಆಗುತ್ತಿರಲಿಲ್ಲ ಎಂದು ಚಾಪ್ಲಿನ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಲೋಕವನ್ನೆಲ್ಲ ನಗಿಸಿದವನಿಗೂ ನಗುವಿಗೊಂದು ಗಡಿಯಿದೆ ಎಂಬುದು ಗೊತ್ತಿತ್ತು.

ಕುರಿಯ ಕಥೆ

ಇದೇ ಆತ್ಮಕಥೆಯಲ್ಲಿ ಬರುವ ಒಂದು ಪ್ರಸಂಗ ನನಗೆ ಮರೆಯಲಾಗದು. ಚಾಪ್ಲಿನ್ ಲಂಡನ್ನಿನ ಕಡುಬಡತನದಲ್ಲಿ ಬೆಳೆದವನು. ತಾಯಿಗೆ ಮನಸ್ಸಿನ ಕಾಯಿಲೆ, ತಂದೆಗೆ ಕುಡಿತ. ಏಳನೇ ವಯಸ್ಸಿಗೇ ನಿರ್ಗತಿಕರ ಆಶ್ರಯಕ್ಕೆ ಸೇರಬೇಕಾಯಿತು.

ಅವನ ಬೀದಿಯ ಕೊನೆಯಲ್ಲಿ ಕಸಾಯಿಖಾನೆಯಿತ್ತು. ಒಂದು ದಿನ ಒಂದು ಕುರಿ ತಪ್ಪಿಸಿಕೊಂಡು ಬೀದಿಯಲ್ಲಿ ಓಡತೊಡಗಿತು. ಹಿಡಿಯಲು ಹೋದವರು ಮುಗ್ಗರಿಸಿ ಬಿದ್ದರು. ಜನರೆಲ್ಲ ನಕ್ಕರು, ಪುಟ್ಟ ಚಾರ್ಲಿಯೂ ನಕ್ಕ. ಕೊನೆಗೆ ಕುರಿ ಸಿಕ್ಕಿಬಿತ್ತು. ಅದನ್ನು ಮತ್ತೆ ಒಳಗೆ ಎಳೆದೊಯ್ಯುವಾಗ ಹುಡುಗನಿಗೆ ನಿಜ ಹೊಳೆಯಿತು. ಅದನ್ನು ಕೊಂದುಬಿಡುತ್ತಾರೆಂದು ಅಳುತ್ತಾ ಅಮ್ಮನ ಬಳಿಗೆ ಓಡಿದ. ನಗುವನ್ನೂ ದುಃಖವನ್ನೂ ಬೆರೆಸುವ ತನ್ನ ಸಿನಿಮಾಗಳ ಬೀಜ ಅಲ್ಲೇ ಬಿತ್ತೇನೋ ಎಂದು ಅವನು ಆಮೇಲೆ ಯೋಚಿಸಿದ್ದುಂಟು.

ಬೂಟಿನ ದೃಶ್ಯದ ಹಿಂದೆಯೂ ಇಂಥ ನೋವಿದೆ. ಹಿಂದೆ ಅಮೆರಿಕದ ಪರ್ವತಗಳ ಹಿಮದಲ್ಲಿ ಸಿಕ್ಕಿಕೊಂಡ ಪ್ರಯಾಣಿಕರ ತಂಡವೊಂದರಲ್ಲಿ ಕೆಲವರು ಹಸಿವು ತಾಳದೆ ತಮ್ಮ ಚರ್ಮದ ಪಾದರಕ್ಷೆಗಳನ್ನೇ ಸುಟ್ಟು ತಿಂದರೆಂದು ಚಾಪ್ಲಿನ್ ಓದಿದ್ದ. ಹಸಿವೆಂದರೇನೆಂದು ಅವನಿಗೆ ಸ್ವತಃ ಗೊತ್ತಿತ್ತು. ನಗುವಾಗ ನಮ್ಮ ಹೃದಯ ಒಂದು ಗಳಿಗೆ ಮರಗಟ್ಟಿರುತ್ತದೆ ಎಂಬ ಅರ್ಥದ ಮಾತನ್ನು ಬರ್ಗ್‌ಸನ್ ಹೇಳಿದ್ದಾನೆ. ಚಾಪ್ಲಿನ್ ಆ ಗಳಿಗೆ ಮುಗಿಯುವವರೆಗೆ ಕಾದು, ಹೃದಯವನ್ನು ಮತ್ತೆ ಎಚ್ಚರಿಸುತ್ತಾನೆ. ಅವನ ಹಾಸ್ಯ ಬೇರೆಯವರದಕ್ಕಿಂತ ಆಳಕ್ಕಿಳಿಯುವುದು ಇಲ್ಲಿಯೇ.

ಮೊಮ್ಮಗಳಿಗೆ ಉತ್ತರ

2010ರಲ್ಲಿ ಅಮೆರಿಕದ ಪೀಟರ್ ಮೆಗ್ರಾ ಮತ್ತು ಕೇಲಬ್ ವಾರೆನ್ ಎಂಬ ಸಂಶೋಧಕರು ಒಂದು ಸರಳ ಸೂತ್ರ ಮುಂದಿಟ್ಟರು. ಏನೋ ಒಂದು ಎಡವಟ್ಟಾಗಬೇಕು, ಆದರೆ ಅದರಿಂದ ಅಪಾಯವಿಲ್ಲವೆಂದೂ ಅನ್ನಿಸಬೇಕು. ಎರಡೂ ಸೇರಿದರೆ ನಗು. ಅಪ್ಪ ಕಚಗುಳಿ ಇಟ್ಟರೆ ಮಗು ಕಿಲಕಿಲ ನಗುತ್ತದೆ, ಅಪರಿಚಿತ ಇಟ್ಟರೆ ಚೀರುತ್ತದೆ.

ಇದನ್ನು ಓದಿದಾಗ ನನ್ನ ಲೆಕ್ಕ ತಾಳೆಯಾಯಿತು. ಮೊಮ್ಮಗಳಿಗೆ ಫೋನ್ ಮಾಡಿ ಹೇಳಿದೆ:

"ನೋಡು ಪುಟ್ಟಿ, ಚಾರ್ಲಿ ನಾವು ನಗಲಿ ಅಂತಾನೇ ಬೀಳ್ತಾನೆ. ಪೆಟ್ಟಾಗಿಲ್ಲ ಅಂತ ನಮಗೆ ಗೊತ್ತು. ಎದ್ದು ಟೋಪಿ ಸರಿಮಾಡ್ಕೊಂಡು ನಮ್ಮ ಜೊತೆ ಸೇರ್ಕೋತಾನೆ. ನೀನು ಬಿದ್ದಾಗ ಅವರು ಪೆಟ್ಟಾಯ್ತಾ ಅಂತ ಕೇಳ್ಲಿಲ್ಲ, ಅಷ್ಟೇ ವ್ಯತ್ಯಾಸ. ನಕ್ಕಿದ್ದು ತಪ್ಪಲ್ಲ. ನಕ್ಕ ಮೇಲೆ ಕೈ ಹಿಡಿದು ಎಬ್ಬಿಸದೇ ಇದ್ದದ್ದು ತಪ್ಪು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ತಾತ, ನಮ್ಮ ಕ್ಲಾಸಲ್ಲಿ ಒಬ್ಬ ಉಗ್ಗುತ್ತಾನೆ. ಅವನು ಪಾಠ ಓದುವಾಗ ನಾವು ನಗ್ತಿದ್ವಿ" ಎಂದಳು. ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಭರತಮುನಿ ನಗುವಿನಲ್ಲಿ ಆರು ಬಗೆ ಹೇಳಿದ್ದಾನೆ. ಹಲ್ಲು ಕಾಣದ ಮುಗುಳ್ನಗೆಯಾದ 'ಸ್ಮಿತ' ಮೊದಲನೆಯದು, ಅಬ್ಬರದ 'ಅತಿಹಸಿತ' ಕೊನೆಯದು. 1931ರ 'ಸಿಟಿ ಲೈಟ್ಸ್' ಇವೆರಡರ ನಡುವಿನ ಇಡೀ ದೂರವನ್ನು ನಡೆದು ತೋರಿಸುತ್ತದೆ. ಮೊದಲ ದೃಶ್ಯದಲ್ಲಿ ಗಣ್ಯರು ಹೊಸ ಪ್ರತಿಮೆಯ ಪರದೆ ಸರಿಸಿದರೆ ಅದರ ಮಡಿಲಲ್ಲಿ ಚಾರ್ಲಿ ಗೊರಕೆ ಹೊಡೆಯುತ್ತಿರುತ್ತಾನೆ! ನಾವು ಗಹಗಹಿಸುತ್ತೇವೆ. ಕೊನೆಯ ದೃಶ್ಯದಲ್ಲಿ, ಅವನ ನೆರವಿನಿಂದ ಕಣ್ಣು ಪಡೆದ ಹೂ ಮಾರುವ ಹುಡುಗಿ ಅವನನ್ನು ನೋಡಿ ಮೊದಲು ನಗುತ್ತಾಳೆ, ಹರಕು ಬಟ್ಟೆಯ ಭಿಕಾರಿ ಎಂದು. ಆಮೇಲೆ ಅವನ ಕೈ ಮುಟ್ಟಿದಾಗ ಇವನೇ ಅವನೆಂದು ತಿಳಿಯುತ್ತದೆ. ಅವಳ ನಗು ಮಾಯವಾಗುತ್ತದೆ. ಅವನ ಮುಖದಲ್ಲಿ ಮಾತ್ರ ಅಳುಕಿನ ಒಂದು ಸ್ಮಿತ ಉಳಿಯುತ್ತದೆ.

ಅಜ್ಜ ಅಜ್ಜಿಯರೇ, ಈ ವಾರ ಮೊಮ್ಮಕ್ಕಳ ಜೊತೆ ಕುಳಿತು ಈ ಸಿನಿಮಾಗಳಲ್ಲಿ ಯಾವುದಾದರೂ ಒಂದನ್ನು ನೋಡಿ. ಮಕ್ಕಳೇ, ನಿಮ್ಮ ಅಜ್ಜಿ ತಾತನಿಗೆ ನರಸಿಂಹರಾಜು ಅವರ ಹಾಸ್ಯ ನೆನಪಿರುತ್ತದೆ, ತಮ್ಮ ಸಣಕಲು ಮೈಯನ್ನೇ ನಗುವಿನ ಬಂಡವಾಳ ಮಾಡಿಕೊಂಡ ಕಲಾವಿದ ಅವರು. ಅವರ ಬಗ್ಗೆಯೂ ಕೇಳಿ. ಚೆನ್ನಾಗಿ ನಗಿ. ನಗು ನಿಂತ ಮೇಲೆ ಒಬ್ಬರನ್ನೊಬ್ಬರು ಎರಡು ಪ್ರಶ್ನೆ ಕೇಳಿಕೊಳ್ಳಿ: ನಾವು ನಕ್ಕಿದ್ದು ಏಕೆ? ಆಗ ಅವನಿಗೆ ಹೇಗನ್ನಿಸಿರಬಹುದು?