ವಾಹನದ ಹೊಳಪು ಮತ್ತು ಕಾರ್ಮಿಕನ ಆರೋಗ್ಯ: ಡೀಟೈಲಿಂಗ್ ಉದ್ದಿಮೆದಾರರು ಬರೆಯಲು ಮರೆತ ಲೆಕ್ಕ

ಆಯುಧಪೂಜೆಗೆ ಎರಡು ದಿನ ಮುಂಚೆ ನಂಜನಗೂಡಿನಿಂದ ತಿ.ನರಸೀಪುರದವರೆಗಿನ ಯಾವ ವಾಟರ್ ಸರ್ವಿಸ್ ಅಂಗಡಿಯ ಮುಂದೆ ನಿಂತರೂ ವಾಹನಗಳ ಸಾಲು ಕಾಣುತ್ತದೆ. ಹಿಂದೆ ನೀರು, ಸೋಪಿನ ಪುಡಿ ಮತ್ತು ಹಳೆಯ ಬಟ್ಟೆಯಿಂದ ಮುಗಿಯುತ್ತಿದ್ದ ಈ ಕೆಲಸವು ಇಂದು ‘ಕಾರ್ ಡೀಟೈಲಿಂಗ್’ ಎಂಬ ಹೆಸರಿನಲ್ಲಿ ಒಂದು ಪ್ರತ್ಯೇಕ ಉದ್ದಿಮೆಯಾಗಿ ಬೆಳೆದಿದೆ. ಫೋಮ್ ಶಾಂಪೂ, ಅಲಾಯ್ ವೀಲ್ ಕ್ಲೀನರ್, ರಬ್ಬಿಂಗ್ ಕಾಂಪೌಂಡ್, ಡ್ಯಾಶ್‌ಬೋರ್ಡ್ ಪಾಲಿಶ್, ಸೆರಾಮಿಕ್ ಕೋಟಿಂಗ್ ಮುಂತಾದ ಹತ್ತಾರು ಬಗೆಯ ದ್ರಾವಣಗಳು ಬಳಕೆಗೆ ಬಂದಿವೆ. ಅಲ್ಪ ಬಂಡವಾಳದಲ್ಲಿ ಗ್ರಾಮೀಣ ಯುವಕರಿಗೆ ಸ್ವಯಂ ಉದ್ಯೋಗ ಒದಗಿಸುವ ಈ ಉದ್ದಿಮೆ ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದರ ಲೆಕ್ಕಪತ್ರದಲ್ಲಿ ಒಂದು ಬಾಬು ಇಂದಿಗೂ ಖಾಲಿಯಾಗಿಯೇ ಉಳಿದಿದೆ. ಆ ಖಾಲಿ ಜಾಗದ ಕಡೆಗೆ ಸದಸ್ಯ ಬಾಂಧವರ ಗಮನ ಸೆಳೆಯುವುದೇ ಈ ಲೇಖನದ ಉದ್ದೇಶ.

ಲೆಕ್ಕದ ಪುಸ್ತಕ ಹೇಳಿದ ಸಂಗತಿ

ಕೆಲವು ವರ್ಷಗಳ ಹಿಂದೆ ಬಿಳಿಗೆರೆ ಕಡೆಯ ಒಬ್ಬ ಮಾಲೀಕರ ವಾರ್ಷಿಕ ಲೆಕ್ಕ ಪರಿಶೀಲಿಸುತ್ತಿದ್ದೆ. ಕೆಮಿಕಲ್ ಖರೀದಿಯ ಬಾಬಿನಲ್ಲಿ ಪುಟಗಟ್ಟಲೆ ರಸೀದಿಗಳಿದ್ದವು. ಕೈಗವಸು, ಕನ್ನಡಕ, ಮುಖಕವಚಗಳ ಒಂದು ರಸೀದಿಯೂ ಇರಲಿಲ್ಲ. ವಿಚಾರಿಸಿದಾಗ ಅವರು ತಮ್ಮ ಹುಡುಗನೊಬ್ಬನನ್ನು ಕರೆದು ಕೈ ತೋರಿಸಲು ಹೇಳಿದರು. ಆತ ಚಕ್ರದ ಕರೆ ತೆಗೆಯುವ ದ್ರಾವಣವನ್ನು ಬರಿಗೈಯಲ್ಲಿ ಬಳಸಿದ್ದ. ಕೆಲಸದ ವೇಳೆ ಏನೂ ತಿಳಿಯಲಿಲ್ಲ. ರಾತ್ರಿ ನೋವು ಶುರುವಾಯಿತು. “ಮೇಲೆ ಏನೂ ಕಾಣ್ತಿರ್ಲಿಲ್ಲ ಸಾರ್, ಒಳಗೆ ಮೂಳೆಯೇ ಸುಟ್ಟಂಗಾಯ್ತಿತ್ತು” ಎಂದು ಆತ ಹೇಳಿದ. ಸಮೀಪದ ವೈದ್ಯರು ಯಾವ ರಾಸಾಯನಿಕವೆಂದು ಕೇಳಿದರು. ಕ್ಯಾನಿನ ಮೇಲೆ ಹೆಸರೇ ಇರಲಿಲ್ಲ. ಮೈಸೂರಿನ ಆಸ್ಪತ್ರೆಗೆ ಹೋಗಿ ಸರಿಯಾದ ಚಿಕಿತ್ಸೆ ದೊರೆಯುವ ಹೊತ್ತಿಗೆ ಒಂದು ಬೆರಳಿನ ಉಗುರು ಹೋಗಿತ್ತು. ಐವತ್ತು ರೂಪಾಯಿ ಉಳಿಸಲು ಬಿಡಿಯಾಗಿ ಕೊಂಡಿದ್ದ ಕ್ಯಾನು ಅದು.

ಯಾವ ದ್ರಾವಣದಲ್ಲಿ ಯಾವ ಅಪಾಯ?

ಅಲಾಯ್ ವೀಲ್ ಕ್ಲೀನರ್‌ಗಳ ಪೈಕಿ ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ದುರ್ಬಲ ದ್ರಾವಣವಾದರೆ ನೋವು ಹಲವು ಗಂಟೆಗಳ ನಂತರವೇ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಫ್ಲೋರೈಡ್ ಅಂಶ ಚರ್ಮವನ್ನು ದಾಟಿ ಒಳಗಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಂಡಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2001ರಿಂದ 2013ರ ಅವಧಿಯಲ್ಲಿ ಕಾರು ಮತ್ತು ಲಾರಿ ತೊಳೆಯುವ 48 ಮಂದಿ ಕಾರ್ಮಿಕರು ಇದೇ ಆಮ್ಲದಿಂದ ಸುಟ್ಟ ಗಾಯಗಳಿಗೆ ಒಳಗಾದುದು ದಾಖಲಾಗಿದೆ. ಗಾಯಕ್ಕೆ ಕೂಡಲೇ ಧಾರಾಳ ನೀರು ಸುರಿದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಆಮ್ಲವಿಲ್ಲದ ಕ್ಲೀನರ್‌ಗಳೂ ಮಾರುಕಟ್ಟೆಯಲ್ಲಿ ದೊರೆಯುವುದರಿಂದ, ಅಂಥದನ್ನು ಆರಿಸಿಕೊಳ್ಳುವುದೇ ಉತ್ತಮ ಮಾರ್ಗ.

ಬ್ರೇಕ್ ಕ್ಲೀನರ್ ಮತ್ತು ಥಿನ್ನರ್‌ಗಳ ಆವಿ ನರಮಂಡಲಕ್ಕೆ ಹಾನಿಕರ. ಹೆಕ್ಸೇನ್ ಇದ್ದ ಕ್ಲೀನರ್ ಬಳಸಿದ ಕ್ಯಾಲಿಫೋರ್ನಿಯಾದ ವಾಹನ ತಂತ್ರಜ್ಞರಲ್ಲಿ ಕೈಕಾಲುಗಳ ನರ ದೌರ್ಬಲ್ಯ ಕಂಡುಬಂದುದು 2001ರಲ್ಲಿ ವರದಿಯಾಯಿತು. ಬಾಗಿಲು ಮುಚ್ಚಿದ ಕಾರಿನೊಳಗೆ ಕುಳಿತು ಆಸನ ಅಥವಾ ಡ್ಯಾಶ್‌ಬೋರ್ಡ್ ಒರೆಸುವಾಗ ಈ ಆವಿ ಇನ್ನಷ್ಟು ಸಾಂದ್ರವಾಗುತ್ತದೆ. ತಲೆಸುತ್ತು, ತಲೆನೋವು ಅದರ ಮೊದಲ ಎಚ್ಚರಿಕೆಗಳು.

ಎರಡು ಭಾಗ ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್ ಪೇಂಟಿನ ಹಾರ್ಡ್‌ನರ್‌ನಲ್ಲಿ ಐಸೋಸೈನೇಟ್ ಇರುತ್ತದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸೈನೇಟ್ ಕೂಡ ಇದೇ ಕುಟುಂಬದ್ದು. ಪೇಂಟಿನದು ಅದರಷ್ಟು ಸುಲಭವಾಗಿ ಅನಿಲವಾಗುವುದಿಲ್ಲ ಎಂಬುದು ನಿಜ. ಆದರೆ ಸಿಂಪಡಿಸಿದಾಗ ಅದರ ಮಂಜು ಶ್ವಾಸಕೋಶ ಸೇರಿ ಆಸ್ತಮಾ ತರಬಲ್ಲದು. ಒಮ್ಮೆ ದೇಹ ಇದಕ್ಕೆ ಒಗ್ಗದ ಸ್ಥಿತಿ ತಲುಪಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರುತ್ತದೆ. ಆ ಕಾರ್ಮಿಕ ಕಸುಬನ್ನೇ ಬಿಡಬೇಕಾಗುತ್ತದೆ.

ಇನ್ನು ದಿನನಿತ್ಯದ ಮೂರು ತಪ್ಪುಗಳಿವೆ. ಶೌಚಾಲಯದ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಂದೇ ಬಕೆಟ್‌ನಲ್ಲಿ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕೊಳವೆಯಿಂದ ಡೀಸೆಲ್ಲನ್ನು ಬಾಯಲ್ಲಿ ಎಳೆಯುವಾಗ ಒಂದೇ ಗುಟುಕು ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಬರಬಹುದು. ಕುಡಿದವನಿಗೆ ವಾಂತಿ ಮಾಡಿಸಲೂ ಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜಮೆಯಾಗುತ್ತದೆ.

ಅಳವಡಿಸಿಕೊಳ್ಳಬೇಕಾದ ಕ್ರಮಗಳು

1. ಹೆಸರು, ತಯಾರಕರ ವಿಳಾಸ, ಅಪಾಯದ ಚಿಹ್ನೆಗಳಿಲ್ಲದ ಕ್ಯಾನನ್ನು ಕೊಳ್ಳಬಾರದು. ಚಿಲ್ಲರೆ ಮಾರಾಟ ಮಾಡುವ ವರ್ತಕ ಬಂಧುಗಳು ಹಳೆಯ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ದ್ರಾವಣ ತುಂಬಿ ಕೊಡುವ ಪದ್ಧತಿಯನ್ನು ಇಂದೇ ನಿಲ್ಲಿಸಬೇಕು.

2. ಪ್ರತಿ ದ್ರಾವಣಕ್ಕೂ ಸರಬರಾಜುದಾರರಿಂದ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಬೇಕು. ಅದರ 16 ಭಾಗಗಳಲ್ಲಿ 2ನೆಯದು ಅಪಾಯವನ್ನು, 4ನೆಯದು ಪ್ರಥಮ ಚಿಕಿತ್ಸೆಯನ್ನು, 8ನೆಯದು ಧರಿಸಬೇಕಾದ ರಕ್ಷಣಾ ಸಾಧನವನ್ನು ತಿಳಿಸುತ್ತದೆ. ಈ ಮೂರನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಹಾಕಿದರೆ ಸಾಕು. ಅವಘಡವಾದಾಗ ಆ ಹಾಳೆ ರೋಗಿಯೊಂದಿಗೆ ಆಸ್ಪತ್ರೆಗೆ ಹೋಗಬೇಕು.

3. ಬಟ್ಟೆಯ ಮುಖಕವಚ ಆವಿಯನ್ನು ತಡೆಯುವುದಿಲ್ಲ. ಎನ್-95 ಬಫಿಂಗ್ ಧೂಳಿಗೆ ಮಾತ್ರ ಸರಿ. ಥಿನ್ನರ್ ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಕಾರ್ಟ್ರಿಡ್ಜನ್ನು ಕಾಲಕಾಲಕ್ಕೆ ಬದಲಿಸಬೇಕು. ಐಸೋಸೈನೇಟ್ ಇರುವ ಪೇಂಟಿಗೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮಾಸ್ಕೇ ಆಗಬೇಕು.

4. ಪಾಲಿಶ್, ಶಾಂಪೂಗಳಿಗೆ ನೈಟ್ರೈಲ್ ಕೈಗವಸು ಯೋಗ್ಯ. ಆಮ್ಲ ಮತ್ತು ಥಿನ್ನರ್‌ಗಳಿಗೆ ಮಾಹಿತಿ ಪತ್ರದಲ್ಲಿ ಹೇಳಿದ ದಪ್ಪ ಕೈಗವಸನ್ನೇ ಬಳಸಬೇಕು. ಹರಿದ ಕೈಗವಸು ದ್ರಾವಣವನ್ನು ಚರ್ಮಕ್ಕೆ ಒತ್ತಿ ಹಿಡಿಯುವುದರಿಂದ ಬರಿಗೈಗಿಂತಲೂ ಅಪಾಯಕಾರಿ.

5. ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರು ಸುರಿಯಬಾರದು. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಒತ್ತಡದ ಪಂಪಿನ ನೀರನ್ನು ಕಣ್ಣಿಗೆ ಬಿಡಬಾರದು.

6. ಒಳಾಂಗಣ ಸ್ವಚ್ಛತೆಯನ್ನು ನಾಲ್ಕೂ ಬಾಗಿಲು ತೆರೆದು ಮಾಡಬೇಕು. ಕೈತೊಳೆಯದೆ ಊಟ, ಬೀಡಿ, ಎಲೆ ಅಡಿಕೆ ಕೂಡದು. ಥಿನ್ನರ್‌ನಿಂದ ಕೈ ತೊಳೆಯುವ ಅಭ್ಯಾಸವನ್ನು ಕೈಬಿಡಬೇಕು.

ಖರ್ಚು ಮತ್ತು ಹೊಣೆ

ರಕ್ಷಣಾ ಸಾಧನಗಳಿಗೆ ಮಾಡುವ ವೆಚ್ಚವು ವ್ಯಾಪಾರದ ವೆಚ್ಚವೇ ಆಗಿದ್ದು, ಆದಾಯ ಲೆಕ್ಕ ಹಾಕುವಾಗ ಕಳೆಯಲು ಅವಕಾಶವಿದೆ. ರಸೀದಿ ಇಟ್ಟುಕೊಂಡರೆ ಸಾಕು.

ಹೊಣೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಸಾಮಾಜಿಕ ಭದ್ರತಾ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. 1923ರ ಪರಿಹಾರ ಕಾಯಿದೆಯಲ್ಲಿದ್ದಂತೆ ಇದರಲ್ಲಿಯೂ ವೃತ್ತಿಜನ್ಯ ಕಾಯಿಲೆಯನ್ನು ಅಪಘಾತದ ಗಾಯಕ್ಕೆ ಸಮನಾಗಿ ಪರಿಗಣಿಸಲಾಗಿದೆ. ಹತ್ತು ಮತ್ತು ಹೆಚ್ಚು ನೌಕರರಿರುವ ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬರುತ್ತದೆ. 2019ರ ಜುಲೈನಲ್ಲಿ ನಿಗದಿಯಾದ ದರದಂತೆ ಮಾಲೀಕರ ವಂತಿಗೆ ವೇತನದ ಶೇ. 3.25, ನೌಕರನದು ಶೇ. 0.75. ಮೂರು ನಾಲ್ಕು ಹುಡುಗರನ್ನು ಇಟ್ಟುಕೊಂಡಿರುವ ನಮ್ಮ ಭಾಗದ ಅಂಗಡಿಗಳು ಸಾಮಾನ್ಯವಾಗಿ ಇದರಿಂದ ಹೊರಗಿರುತ್ತವೆ. ಹೊರಗಿರುವುದು ಲಾಭವೆಂದು ಹಲವರ ಭಾವನೆ. ವಾಸ್ತವದಲ್ಲಿ, ಅಂಥ ಸಂದರ್ಭದಲ್ಲಿ ಪರಿಹಾರದ ಹೊರೆ ನೇರವಾಗಿ ಮಾಲೀಕರ ಜೇಬಿನ ಮೇಲೆ ಬೀಳುವ ಸಂಭವವಿರುತ್ತದೆ. ಆದಕಾರಣ ವಿಮಾ ಕಂಪನಿಯಿಂದ ಕಾರ್ಮಿಕ ಪರಿಹಾರ ಪಾಲಿಸಿ ಪಡೆಯುವುದು ಲೇಸು. ಅದರಲ್ಲಿ ವೃತ್ತಿಜನ್ಯ ಕಾಯಿಲೆ ಸೇರಿದೆಯೇ ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕು.

ಉಪಸಂಹಾರ

ಕಂಪ್ರೆಸರ್‌ಗೆ ನಾವು ವರ್ಷಕ್ಕೆ ಶೇ. 15ರಂತೆ ಸವಕಳಿ ಬರೆಯುತ್ತೇವೆ. ಅದು ಸವೆದರೆ ಹೊಸದನ್ನು ಕೊಳ್ಳುತ್ತೇವೆ. ದುಡಿಯುವವನ ಶ್ವಾಸಕೋಶಕ್ಕೆ ಸವಕಳಿಯ ದರವೂ ಇಲ್ಲ, ಬದಲಿ ಯಂತ್ರವೂ ಇಲ್ಲ. ಅನೇಕ ಅಂಗಡಿಗಳಲ್ಲಿ ಮಾಲೀಕನೇ ಮುಖ್ಯ ಕೆಲಸಗಾರನೂ ಆಗಿರುವುದರಿಂದ ಈ ನಷ್ಟ ಅವನದೇ ಮನೆಯ ನಷ್ಟ.

ಕಪಿಲೆಯ ದಡದ ನಮ್ಮ ಊರಿಗೆ ಹೆಸರು ಬಂದುದು ಲೋಕದ ಹಿತಕ್ಕಾಗಿ ನಂಜನ್ನುಂಡ ದೇವರಿಂದ. ಆ ಸಾಮರ್ಥ್ಯ ಅವನಿಗೆ ಮಾತ್ರ ಉಂಟು. ದಿನಗೂಲಿಗೆ ಬರುವ ಹುಡುಗನಿಂದ ಅದನ್ನು ನಿರೀಕ್ಷಿಸುವುದು ಧರ್ಮವೂ ಅಲ್ಲ, ಒಳ್ಳೆಯ ವ್ಯಾಪಾರವೂ ಅಲ್ಲ. ಮೇಲೆ ಹೇಳಿದ ಮಾಲೀಕರ ಖಾತೆಯಲ್ಲಿ ಮರು ವರ್ಷದಿಂದ ‘ಸುರಕ್ಷತಾ ವೆಚ್ಚ’ ಎಂಬ ಹೊಸ ಬಾಬು ತೆರೆಯಲಾಗಿದೆ. ಆ ವರ್ಷದ ಮೊತ್ತ ಹುಡುಗನ ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆ ಇತ್ತು. ಮುಂದಿನ ಆಯುಧಪೂಜೆಯ ಗಿರಾಕಿಗಳು ಬರುವ ಮುನ್ನವೇ ಸದಸ್ಯ ಬಾಂಧವರು ತಮ್ಮ ತಮ್ಮ ಖಾತೆಗಳಲ್ಲಿಯೂ ಈ ಬಾಬನ್ನು ತೆರೆಯಲೆಂದು ವಿನಂತಿ.